ನಮ್ಮ ಹಿರಿಯರ ಮರೆವನ್ನು ನಮ್ಮ ಭಾಷೆಯಲ್ಲಿ ಪರೀಕ್ಷಿಸಿ, ಲೆಕ್ಕ ಹಾಕಿ: ಕೇರಳದ ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಸಚಿವರು,
ಕೇರಳ ಸರ್ಕಾರ, ತಿರುವನಂತಪುರ

ವಿಷಯ: ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ಭಾಷಿಕ ಹಿರಿಯರಲ್ಲಿ ಡಿಮೆನ್ಶಿಯಾದ (ಮರೆವಿನ ಕಾಯಿಲೆಯ) ಪರೀಕ್ಷೆ ಮತ್ತು ಗಣತಿ

ಮಾನ್ಯರೇ,

ಮಂಜೇಶ್ವರ ತಾಲೂಕಿನ ಒಳನಾಡಿನ ಒಂದು ಪಂಚಾಯತಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದೆ. ನಿವೃತ್ತಿಯ ಬಳಿಕ ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ಘಟಕದ ದಾದಿಯ ಜೊತೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದೇನೆ. ಹಾಗೆ ಹೋದಲ್ಲೆಲ್ಲ ಕಂಡದ್ದನ್ನು ತಮ್ಮ ಮುಂದಿಟ್ಟು ಒಂದು ಬೇಡಿಕೆ ಸಲ್ಲಿಸಬೇಕಾಗಿದೆ. ನಮ್ಮ ಊರುಗಳ ಹಿರಿಯರಲ್ಲಿ ಪ್ರತಿ ವರ್ಷ ಎಷ್ಟು ಮಂದಿಗೆ ಹೊಸದಾಗಿ ಡಿಮೆನ್ಶಿಯಾ ಬರುತ್ತಿದೆ ಎಂಬುದನ್ನು ಸರ್ಕಾರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಪರೀಕ್ಷಿಸಿ ಲೆಕ್ಕ ಹಾಕಬೇಕು. ಈ ಲೆಕ್ಕ ಇಲ್ಲದಿರುವುದರಿಂದ ನಮ್ಮ ಹಿರಿಯರಿಗೆ ಎರಡು ಬಗೆಯ ಅನ್ಯಾಯವಾಗುತ್ತಿದೆ. ಕಾಯಿಲೆ ಇಲ್ಲದವರಿಗೆ ಕಾಯಿಲೆಯ ಹೆಸರು ಅಂಟುತ್ತಿದೆ. ಇರುವವರು ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿದ್ದಾರೆ.

ಕಳೆದ ಮಳೆಗಾಲದಲ್ಲಿ ನೆರೆಮನೆಯ ಅಜ್ಜಿಯೊಬ್ಬರನ್ನು ಅವರ ಮಗನ ಜೊತೆ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದವರು. ಮನೆಮಾತು ತುಳು, ಕಲಿತದ್ದು ಕನ್ನಡದಲ್ಲಿ ಎರಡನೆಯ ತರಗತಿಯವರೆಗೆ. ಮಲಯಾಳ ಅಂಗಡಿಯ ವ್ಯವಹಾರಕ್ಕೆ ಸಾಲುವಷ್ಟು ಬರುತ್ತದೆ. ಕೆಲವು ತಿಂಗಳಿಂದ ಮಾತು ತಡವರಿಸುತ್ತಿತ್ತು, ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದೇನೆಂದು ಮರೆತು ನಿಲ್ಲುತ್ತಿದ್ದರು. ವೈದ್ಯರು ಸಜ್ಜನರು, ಅವಸರ ಮಾಡಲಿಲ್ಲ. ಆದರೆ ಅವರಿಗೆ ಕನ್ನಡವಾಗಲಿ ತುಳುವಾಗಲಿ ಬಾರದು. ಅವರ ಕೈಯಲ್ಲಿದ್ದ ಪರೀಕ್ಷೆಯ ಹಾಳೆ ಮಲಯಾಳದ್ದು.

ಇದು ಯಾವ ತಿಂಗಳು ಎಂದು ಕೇಳಿದರು. ಆಟಿ ಮುಗಿಯುತ್ತಾ ಬಂತು, ಇನ್ನೇನು ಸೋಣ ಸಂಕ್ರಮಣ ಬರುತ್ತದೆ ಎಂದು ಅಜ್ಜಿ ತುಳುವಿನಲ್ಲಿ ಉತ್ತರಿಸಿದರು. ಆಟಿ, ಸೋಣ ನಮ್ಮ ತುಳು ತಿಂಗಳುಗಳು, ಅದು ಸರಿಯಾದ ಉತ್ತರ. ಆಗಸ್ಟ್ ಎಂದೋ ಮಲಯಾಳ ತಿಂಗಳಾದ ಕರ್ಕಿಡಕಂ ಎಂದೋ ನಿರೀಕ್ಷಿಸಿದ ಹಾಳೆಯಲ್ಲಿ ಅದಕ್ಕೆ ಅಂಕ ಸಿಗಲಿಲ್ಲ. ಯಾವ ಜಿಲ್ಲೆ ಎಂದು ಕೇಳಿದಾಗ ದಕ್ಷಿಣ ಕನ್ನಡ ಎಂದರು. ಅಲ್ಲಿಯೂ ಅಂಕ ಹೋಯಿತು. ತಾವು ಒಮ್ಮೆ ಯೋಚಿಸಬೇಕು. 1956ರ ನವೆಂಬರ್ 1ರವರೆಗೆ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು. ಅಲ್ಲಿಂದ ಕೆಲವು ವಾರ ಮಲಬಾರಿಗೆ ಸೇರಿ, 1957ರಿಂದ ಕಣ್ಣೂರಾಗಿ, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಹುಟ್ಟಿದ ಮನೆಯ ಜಗಲಿ ಬಿಟ್ಟು ಕದಲದೆಯೇ ನಾಲ್ಕು ಜಿಲ್ಲೆಗಳ ಪ್ರಜೆಯಾದ ಪ್ರಾಯದವರು ಇವರು. ಬಾಲ್ಯದ ಜಿಲ್ಲೆಯ ಹೆಸರು ಬಾಯಿಗೆ ಬಂದ ಮಾತ್ರಕ್ಕೆ ಮೆದುಳು ಕೆಟ್ಟಿದೆ ಎನ್ನಲಾಗದು.

ಮುಂದಿನದು ಇನ್ನೂ ಕಷ್ಟದ್ದು. ಮೂರು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಹೇಳಿಸುವ ಪರೀಕ್ಷೆ ಇದೆಯಲ್ಲ, ಅದನ್ನು ವೈದ್ಯರು ಮಲಯಾಳದಲ್ಲಿ ಹೇಳಿದರು, ಮಗ ತುಳುವಿಗೆ ತಿರುಗಿಸಿದ. ತಿರುಗಿಸುವಾಗ ಅವನು ಒಂದು ಪದವನ್ನು ಬಿಟ್ಟ, ಇನ್ನೊಂದಕ್ಕೆ ಅಮ್ಮನಿಗೆ ಸುಳಿವು ಕೊಟ್ಟ. ತಾಯಿಗೆ ನೆರವಾಗಬೇಕೆಂಬ ಆಸೆ ಯಾವ ಮಗನಿಗಿಲ್ಲ? ಹಾಗೆ ಬಂದ ಉತ್ತರದಿಂದ ತಾಯಿಯ ನೆನಪಿನ ಶಕ್ತಿಯನ್ನು ಅಳೆಯುವುದಾದರೂ ಹೇಗೆ? ಕೊನೆಗೆ ಮಲಯಾಳ ಲಿಪಿಯ ವಾಕ್ಯವೊಂದನ್ನು ಓದಿ ಅದರಂತೆ ಮಾಡಲು ಹೇಳಿದರು. ಅಜ್ಜಿ ಆ ಹಾಳೆಯನ್ನು ನೋಡಿ ತಲೆ ತಗ್ಗಿಸಿ ಕುಳಿತರು. ಡಿಮೆನ್ಶಿಯಾ ಇರಬಹುದು ಎಂದು ಚೀಟಿಯಲ್ಲಿ ಬರೆದಾಯಿತು.

ಮನೆಯವರು ಸಾಲ ಮಾಡಿ ಅವರನ್ನು ಮಂಗಳೂರಿಗೆ ಕರೆದೊಯ್ದರು. ಅಲ್ಲಿ ಕನ್ನಡದಲ್ಲಿ ಪರೀಕ್ಷಿಸಿದರು, ರಕ್ತ ತಪಾಸಣೆಯನ್ನೂ ಮಾಡಿದರು. ಬಿ12 ಜೀವಸತ್ವ ತೀರಾ ಕಡಿಮೆಯಿತ್ತು. ಚುಚ್ಚುಮದ್ದು ಶುರುವಾದ ಮೇಲೆ ಅಜ್ಜಿ ಮೆಲ್ಲನೆ ಮೊದಲಿನಂತಾದರು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ, ತಲೆಗೆ ಏಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣಿಸಿಕೊಳ್ಳುತ್ತವೆ, ಸಕಾಲದಲ್ಲಿ ತಿಳಿದರೆ ಚಿಕಿತ್ಸೆಗೆ ಮಣಿಯುತ್ತವೆ. ಕಿವಿ ಕೇಳದವರೂ ಪ್ರಶ್ನೆಗೆ ತಪ್ಪು ಉತ್ತರ ಕೊಡುತ್ತಾರೆ. ಸಾಲ ಮಾಡುವ ಧೈರ್ಯವಿಲ್ಲದ ಮನೆಯ ಅಜ್ಜಿ ಆ ಚೀಟಿಯೊಂದಿಗೆ ಮೂಲೆ ಸೇರುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದದ್ದನ್ನು ಇನ್ನೊಂದು ಮನೆಯಲ್ಲಿ ಕಂಡೆ. ಕುಂಬಳೆ ಸೀಮೆಯ ಒಬ್ಬ ಹಿರಿಯರು ಒಂದು ಕಾಲದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಈಗಲೂ ಕರ್ಣಪರ್ವದ ಪದ್ಯ ಎತ್ತಿಕೊಟ್ಟರೆ ನಿರರ್ಗಳವಾಗಿ ಮಾತನಾಡುತ್ತಾರೆ. ಬೆಳಿಗ್ಗೆ ಕಾಫಿ ಕುಡಿದದ್ದು ನೆನಪಿಲ್ಲ, ರಾತ್ರಿ ತೋಟಕ್ಕೆ ನೀರು ಬಿಡಬೇಕೆಂದು ಎದ್ದು ಹೊರಡುತ್ತಾರೆ, ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಇಷ್ಟೆಲ್ಲ ನೆನಪಿರುವವರಿಗೆ ಮರೆವಿನ ಕಾಯಿಲೆ ಹೇಗಿದ್ದೀತು ಎಂದು ಮನೆಯವರು ಬಹುಕಾಲ ಸಮಾಧಾನಪಟ್ಟುಕೊಂಡರು. ಹಳೆಯ ನೆನಪು ಉಳಿದು ಹೊಸದು ಅಳಿಸಿಹೋಗುವುದೇ ಡಿಮೆನ್ಶಿಯಾದ ಮುಖ್ಯ ಬಗೆಯಾದ ಅಲ್ಝೈಮರ್‌ನ ಆರಂಭದ ಲಕ್ಷಣ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಂಚಾಯತಿನ ಯಾವ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. ಹಾಸಿಗೆ ಹಿಡಿದ ಮೇಲೆ ಪಾಲಿಯೇಟಿವ್ ಪಟ್ಟಿಗೆ ಸೇರುತ್ತಾರೆ, ಆಗ ಹತೋಟಿ ಮೀರಿರುತ್ತದೆ.

ಈ ಎರಡು ಮನೆಗಳ ಸಂಗತಿ ಇಡೀ ಸೀಮೆಯದ್ದೇ ಎಂದು ಎದೆ ತಟ್ಟಿ ಹೇಳುವಂತಿಲ್ಲ. ಹಾಗೆ ಹೇಳಲು ಬೇಕಾದ ಲೆಕ್ಕವೇ ನಮ್ಮಲ್ಲಿಲ್ಲ. ಈ ಪತ್ರ ಬರೆಯಲು ಕಾರಣವೂ ಅದೇ.

ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ತಮ್ಮ ರಾಜಧಾನಿಯಲ್ಲೇ ಅದು ನಡೆದಿದೆ. ಶ್ರೀ ಚಿತ್ರ ತಿರುನಾಳ್ ವೈದ್ಯಕೀಯ ಸಂಸ್ಥೆಯ ತಜ್ಞರು ತಿರುವನಂತಪುರದಲ್ಲಿ 55 ದಾಟಿದ 1,066 ಮಂದಿಯನ್ನು 2001ರಿಂದ 2011ರವರೆಗೆ ಬೆನ್ನು ಹಿಡಿದು ಗಮನಿಸಿದರು. ಆರಂಭದಲ್ಲಿ ಚೆನ್ನಾಗಿದ್ದವರಲ್ಲಿ 104 ಮಂದಿಗೆ ಡಿಮೆನ್ಶಿಯಾ ಬಂತು, ಅವರಲ್ಲಿ 98 ಮಂದಿಯದು ಅಲ್ಝೈಮರ್. 65 ದಾಟಿದ ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ 15.54 ಹೊಸ ಅಲ್ಝೈಮರ್ ಪ್ರಕರಣಗಳು ಎಂಬುದು ಅವರ ಲೆಕ್ಕ. ಅದಕ್ಕೂ ಮೊದಲು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಅದೇ ವಯಸ್ಸಿನ ಸಾವಿರಕ್ಕೆ ವರ್ಷಕ್ಕೆ 3.24 ಮಾತ್ರ ಸಿಕ್ಕಿತ್ತು.

ಈ ಎರಡು ಅಂಕಿಗಳನ್ನು ನಮ್ಮ ಊರಿಗೆ ಹಚ್ಚಿ ನೋಡೋಣ. ಒಂದು ಪಂಚಾಯತಿನಲ್ಲಿ 65 ದಾಟಿದವರು 2,000 ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ತಿರುವನಂತಪುರದ ದರದಲ್ಲಿ ವರ್ಷಕ್ಕೆ ಸುಮಾರು 31 ಮನೆಗಳಿಗೆ ಈ ಕಾಯಿಲೆ ಹೊಸದಾಗಿ ಕಾಲಿಡುತ್ತದೆ. ಬಲ್ಲಭಗಢದ ದರದಲ್ಲಿ ಆರೇಳು ಮನೆಗಳಿಗೆ. ನಮ್ಮದು ಯಾವುದು? ಆರು ಮನೆಗಳಾದರೆ ಈಗಿರುವ ಪಾಲಿಯೇಟಿವ್ ದಾದಿಯೇ ಹೇಗೋ ನಿಭಾಯಿಸಿಯಾರು. ಮೂವತ್ತೊಂದಾದರೆ, ಐದು ವರ್ಷಗಳಲ್ಲಿ ನೂರೈವತ್ತು ಮೀರುತ್ತದೆ, ಬೇರೆಯೇ ವ್ಯವಸ್ಥೆ ಬೇಕಾಗುತ್ತದೆ. ಇದನ್ನು ತಿಳಿಯದೆ ಯೋಜನೆ ಮಾಡುವುದು ಸಾಧ್ಯವೇ?

ಇಷ್ಟು ಮಂದಿಗೆ ಕಾಯಿಲೆ ಇದೆ ಎನ್ನುವ ಲೆಕ್ಕ ಬೇರೆ, ಇಷ್ಟು ಮಂದಿಗೆ ಪ್ರತಿ ವರ್ಷ ಹೊಸದಾಗಿ ಬರುತ್ತಿದೆ ಎನ್ನುವ ಲೆಕ್ಕ ಬೇರೆ. ಮೊದಲನೆಯದಕ್ಕೆ ಒಮ್ಮೆ ಮನೆಮನೆ ಸುತ್ತಿದರೆ ಸಾಕು. ದೇಶವ್ಯಾಪಿ ಅಧ್ಯಯನವೊಂದು 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಭಾರತೀಯರಿಗೆ ಡಿಮೆನ್ಶಿಯಾ ಇದೆ ಎಂದು ಅಂದಾಜಿಸಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಎಂದೂ ಕಂಡುಕೊಂಡಿದೆ. ಆದರೆ ಈ ಸಂಖ್ಯೆಯೊಂದರಿಂದಲೇ ಕಾಯಿಲೆ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗದು. ಚೆನ್ನಾಗಿ ನೋಡಿಕೊಂಡ ಊರಿನಲ್ಲಿ ರೋಗಿಗಳು ಹೆಚ್ಚು ವರ್ಷ ಬದುಕುತ್ತಾರೆ, ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಅಲಕ್ಷಿಸಿದ ಊರಿನಲ್ಲಿ ಬೇಗ ತೀರಿಕೊಳ್ಳುತ್ತಾರೆ, ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಹೊಸದಾಗಿ ಬರುವವರ ಲೆಕ್ಕಕ್ಕೆ ಅದೇ ಹಿರಿಯರನ್ನು ವರ್ಷ ವರ್ಷವೂ ಭೇಟಿಯಾಗಬೇಕು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದಂತೆ ರಕ್ತದೊತ್ತಡ, ಮಧುಮೇಹ, ಕಿವುಡುತನ, ದೃಷ್ಟಿದೋಷ, ಒಂಟಿತನ, ಬಾಲ್ಯದಲ್ಲಿ ಶಿಕ್ಷಣದ ಕೊರತೆ ಮುಂತಾದ 14 ಅಂಶಗಳನ್ನು ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು. ತಡೆಯುವ ಪ್ರಯತ್ನ ಫಲಿಸಿತೇ ಎಂದು ಹೇಳಬಲ್ಲದ್ದು ಹೊಸ ಪ್ರಕರಣಗಳ ಲೆಕ್ಕವೇ.

ತಿರುವನಂತಪುರದ ದರವನ್ನೇ ಇಡೀ ಕೇರಳಕ್ಕೆ ಅನ್ವಯಿಸಿದರಾಯಿತು ಎಂದು ಅಧಿಕಾರಿಗಳು ಹೇಳಿಯಾರು. ಅದು ನಗರ ಮತ್ತು ಅದರ ಅಂಚಿನ ಮಲಯಾಳಿ ಜನರ ಲೆಕ್ಕ. ನಮ್ಮ ಅಡಿಕೆ ತೋಟಗಳ ನಡುವಿನ ಮನೆಗಳು ಹಾಗಲ್ಲ. ಇಲ್ಲಿ ಒಂದೇ ಅಂಗಳದಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಕೇಳಿಸುತ್ತವೆ. ಹೈದರಾಬಾದಿನ ನಿಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ 648 ರೋಗಿಗಳ ಬಗ್ಗೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು ಎಂದು ತೋರಿಸಿತು. ಓದು ಬರಹ ಬಾರದವರಲ್ಲಿಯೂ ಆ ವ್ಯತ್ಯಾಸ ಕಂಡಿತು. ಹಾಗಿದ್ದರೆ ಸಪ್ತಭಾಷೆಗಳ ನಾಡೆಂದು ತಾವೆಲ್ಲ ವೇದಿಕೆಗಳಲ್ಲಿ ಹೊಗಳುವ ಕಾಸರಗೋಡಿನಲ್ಲಿ ಈ ಕಾಯಿಲೆ ಕಡಿಮೆಯೇ, ತಡವೇ? ದೇಶಕ್ಕೆ ಬೇಕಾದ ಉತ್ತರವೊಂದು ನಮ್ಮ ಅಜ್ಜ ಅಜ್ಜಿಯರಲ್ಲಿ ಇರಬಹುದು.

ಬಹುಭಾಷೆಗೆ ಇನ್ನೊಂದು ಮುಖವೂ ಇದೆ. ಕಾಯಿಲೆ ಬಲಿಯುತ್ತಾ ಹೋದಂತೆ ಅನೇಕರು ತಡವಾಗಿ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ತಾಯಿಮಾತಿಗೆ ಮರಳುತ್ತಾರೆ. ಮೂವತ್ತು ವರ್ಷ ಮಲಯಾಳದಲ್ಲಿ ಕಚೇರಿ ಕೆಲಸ ಮಾಡಿದವರು ಕೂಡ ಕೊನೆಗಾಲದಲ್ಲಿ ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ನೀರು ಕೇಳುತ್ತಾರೆ. ಇವರಿಗೆ ಮಲಯಾಳ ಬರುತ್ತದೆಯಲ್ಲ ಎಂಬ ಹಳೆಯ ಸಮಜಾಯಿಷಿ ಈ ಕಾಯಿಲೆಯ ಮುಂದೆ ನಿಲ್ಲುವುದಿಲ್ಲ.

ಇನ್ನು ಮಂಗಳೂರಿನ ಮಾತು. ಕೈಯಲ್ಲಿ ನಾಲ್ಕು ಕಾಸಿರುವವರು ತಲಪಾಡಿಯ ಗಡಿ ದಾಟಿ ಹೋಗುತ್ತಾರೆ. ಅಲ್ಲಿ ಭಾಷೆ ಒದಗುತ್ತದೆ, ತಜ್ಞರು ಸಿಗುತ್ತಾರೆ. ಆದರೆ ಅಲ್ಲಿ ಪತ್ತೆಯಾದ ಕಾಯಿಲೆ ಕೇರಳದ ಆಸ್ಪತ್ರೆಗಳ ದಾಖಲೆಗೆ ಸೇರುವುದಿಲ್ಲ. ಇಲ್ಲಿ ದಾಖಲೆಯಿಲ್ಲದ್ದರಿಂದ ರೋಗಿಗಳಿಲ್ಲ ಎಂದಾಗುತ್ತದೆ, ರೋಗಿಗಳಿಲ್ಲದ್ದರಿಂದ ಕ್ಲಿನಿಕ್ ಬೇಡ ಎಂದಾಗುತ್ತದೆ, ಕ್ಲಿನಿಕ್ ಇಲ್ಲದ್ದರಿಂದ ಜನ ಮತ್ತೆ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಆ ಗಡಿ ಮುಚ್ಚಿದಾಗ ಚಿಕಿತ್ಸೆಗೆ ಹೋಗಲಾರದೆ ನಮ್ಮ ಜನ ಪಟ್ಟ ಪಾಡು ತಮಗೆ ಗೊತ್ತಿದೆ. ನೆರೆರಾಜ್ಯದ ಆಸ್ಪತ್ರೆಗಳ ಮೇಲೆ ನಮ್ಮನ್ನು ಎಷ್ಟು ಕಾಲ ಬಿಟ್ಟಿರುತ್ತೀರಿ?

ಎಣಿಸದಿದ್ದರೆ ಏನಾಗುತ್ತದೆ ಎಂಬುದನ್ನು ಎಂಡೋಸಲ್ಫಾನ್ ಕೀಟನಾಶಕ ನಮಗೆ ಕಲಿಸಿದೆ. ಎಣ್ಮಕಜೆಯ ಗುಡ್ಡಗಳ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಮಕ್ಕಳ ಸ್ಥಿತಿಯನ್ನು ಊರವರೇ ತೋರಿಸಿ, ಹೋರಾಡಿ, ವೈದ್ಯಕೀಯ ಶಿಬಿರಗಳು ನಡೆದು, ಪಟ್ಟಿ ತಯಾರಾದ ಮೇಲೆಯೇ ನೆರವು ಬರತೊಡಗಿತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಇಂದಿಗೂ ಅಲೆದಾಟ ತಪ್ಪಿಲ್ಲ. ಆ ಮಕ್ಕಳನ್ನು ಎತ್ತಿ ಸಾಕಿದ ತಾಯಂದಿರೇ ಈಗ ಅರುವತ್ತು ದಾಟುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಮರೆವು ಬಂದರೆ ಆ ಮನೆಯ ಗತಿಯೇನು ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ನೋಡಿಕೊಳ್ಳುವವರ ಬಗ್ಗೆಯೂ ಹೇಳಲೇಬೇಕು. ನಾನು ಆಗಾಗ ಹೋಗುವ ಮನೆಯೊಂದರಲ್ಲಿ ಸೊಸೆ ಬೀಡಿ ಕಟ್ಟುತ್ತಿದ್ದಳು. ಅತ್ತೆ ಒಲೆಯ ಬೆಂಕಿಗೆ ಕೈಹಾಕಿದ ದಿನದಿಂದ ಬೀಡಿ ಎಲೆ ಇಡುವ ಸೂಪು (ಮೊರ) ಮಡಿಲಿಗೆ ಬಂದಿಲ್ಲ, ಕೂಲಿ ನಿಂತಿದೆ. ಹಗಲು ಹಿಂದೆ ಹಿಂದೆ ನಡೆಯಬೇಕು, ರಾತ್ರಿ ಬಾಗಿಲಿಗೆ ಅಡ್ಡ ಮಲಗಬೇಕು. ಅನ್ನ ಹಾಕಿಲ್ಲ, ಚಿನ್ನ ಕದ್ದಳು ಎಂದು ಅತ್ತೆ ದಾರಿಹೋಕರಿಗೆಲ್ಲ ದೂರು ಹೇಳುತ್ತಾರೆ. ಅದು ಕಾಯಿಲೆಯ ಮಾತು ಎಂದು ತಿಳಿಯದ ನೆಂಟರು ಸೊಸೆಯನ್ನೇ ಬೈಯುತ್ತಾರೆ. ಹಾಸಿಗೆ ಹಿಡಿದವರ ಆರೈಕೆ ಮಾಡುವವರಿಗೆ ಸರ್ಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ಈ ಅತ್ತೆ ಹಾಸಿಗೆ ಹಿಡಿದಿಲ್ಲ, ನಡೆದಾಡುತ್ತಾರೆ. ನಡೆದಾಡುವ ರೋಗಿಯನ್ನು ನೋಡಿಕೊಳ್ಳುವುದೇ ಹೆಚ್ಚು ಕಷ್ಟ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ವೈದ್ಯರ ಚೀಟಿ ಬೇಡುವ ಯಾವ ನೆರವಿಗೂ ಮೊದಲು ಕಾಯಿಲೆ ಪತ್ತೆಯಾಗಬೇಕು, ಪತ್ತೆಗೆ ಭಾಷೆ ಬೇಕು.

ಮಾನ್ಯರೇ, ಕೇರಳ ಈ ವಿಷಯದಲ್ಲಿ ಹಿಂದುಳಿದ ರಾಜ್ಯ ಎಂದು ನಾನು ದೂರುತ್ತಿಲ್ಲ. 2011ರ ಜನಗಣತಿಯಲ್ಲೇ ಇಲ್ಲಿನ ಜನಸಂಖ್ಯೆಯಲ್ಲಿ 60 ದಾಟಿದವರು ಶೇಕಡಾ 12.6, ದೇಶದಲ್ಲೇ ಹೆಚ್ಚು. 2008ರಲ್ಲಿಯೇ ಪಾಲಿಯೇಟಿವ್ ನೀತಿ ತಂದದ್ದು, 2014ರಲ್ಲಿ ಸ್ಮೃತಿಪಥಂ ಎಂಬ ಡಿಮೆನ್ಶಿಯಾ ಯೋಜನೆ ಆರಂಭಿಸಿದ್ದು, 2025ರಲ್ಲಿ ಹಿರಿಯರಿಗಾಗಿಯೇ ಆಯೋಗ ರಚಿಸಲು ಕಾನೂನು ಮಾಡಿದ್ದು ಇದೇ ರಾಜ್ಯ. ತೃಶೂರಿನ ಗ್ರಾಮವೊಂದರಲ್ಲಿ ಸ್ಥಳೀಯ ಕಾರ್ಯಕರ್ತೆಯರಿಗೆ ಅಲ್ಪ ತರಬೇತಿ ಕೊಟ್ಟು ಡಿಮೆನ್ಶಿಯಾ ಇರುವವರನ್ನು ಹುಡುಕಿಸಿದಾಗ, ಅವರು ಗುರುತಿಸಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿಗೆ ಕಾಯಿಲೆ ಇರುವುದನ್ನು ತಜ್ಞರು ದೃಢಪಡಿಸಿದ್ದರು. ಆ ಅನುಭವ ಇರುವ ರಾಜ್ಯಕ್ಕೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಬರುವುದು ಕಷ್ಟವಾಗಬಾರದು.

ಪರೀಕ್ಷೆಯ ಸಾಧನವನ್ನೂ ಹೊಸದಾಗಿ ತಯಾರಿಸಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿ, ಒರೆಗೆ ಹಚ್ಚಿ ನೋಡಿದೆ. ಅದನ್ನು ತರಿಸಿ ನಮ್ಮ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಬಳಸಲು ಒಂದು ಆದೇಶ ಸಾಕು. ತುಳುವಿಗೆ ಹೊಂದಿಸುವ ಕೆಲಸ ಆಗಬೇಕು. ಬಾಯಿಮಾತಿನಲ್ಲಿ ನಡೆಸುವಂಥದ್ದು, ಅಕ್ಷರ ಬಾರದವರಿಗೂ ಒಪ್ಪುವಂಥದ್ದು ಬೇಕು. ಬಲ್ಲಭಗಢದಲ್ಲಿ ಅಕ್ಷರ ಬಾರದ ಹಳ್ಳಿಗರಿಗಾಗಿಯೇ ಹಿಂದಿಯಲ್ಲಿ ಪರೀಕ್ಷೆ ರೂಪಿಸಿದ್ದರು, ತುಳುವಿನಲ್ಲಿಯೂ ಆಗಬಹುದು. ಆಟಿ, ಸೋಣ ಎಂದವರಿಗೆ ಅಂಕ ಕೊಡುವ ವಿವೇಕ ಅದರಲ್ಲಿರಲಿ.

ಗಣತಿಯನ್ನು ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ವಹಿಸಬಹುದು. ಇಡೀ ಜಿಲ್ಲೆ ಬೇಡ, ಎರಡು ತಾಲೂಕುಗಳ ನಾಲ್ಕೈದು ಪಂಚಾಯತುಗಳಿಂದ ಆರಂಭವಾಗಲಿ. 65 ದಾಟಿದ ಪ್ರತಿಯೊಬ್ಬರ ಹೆಸರೂ, ಮನೆಮಾತೂ ದಾಖಲಾಗಲಿ. ಕನ್ನಡ, ತುಳು ಬಲ್ಲ ಆಶಾ ಕಾರ್ಯಕರ್ತೆಯರು ವರ್ಷಕ್ಕೊಮ್ಮೆ ಅದೇ ಮನೆಗೆ ಹೋಗಿ ಕೇಳಲಿ, ಸಂಶಯ ಬಂದವರನ್ನು ವೈದ್ಯರು ನೋಡಲಿ. ಕನಿಷ್ಠ ಐದು ವರ್ಷ ಇದು ನಿಲ್ಲದೆ ನಡೆಯಬೇಕು. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೆಗಲಿಗೆ ಮೀರಿದ ಕೆಲಸವಿದೆ, ಇದಕ್ಕೆ ಬೇರೆಯೇ ಗೌರವಧನ ನಿಗದಿಯಾಗಬೇಕು, ಪುಕ್ಕಟೆ ದುಡಿಸಬಾರದು. ಮಂಗಳೂರಿನಲ್ಲಿ ಪತ್ತೆಯಾದವರ ಚೀಟಿಯನ್ನೂ ಈ ದಾಖಲೆಗೆ ಸೇರಿಸಿಕೊಳ್ಳಬೇಕು.

ಗಣತಿ ಮುಗಿಯುವವರೆಗೆ ಚಿಕಿತ್ಸೆ ಕಾಯಬಾರದು. ತಿಂಗಳಿಗೊಮ್ಮೆಯಾದರೂ ಕನ್ನಡ ಬಲ್ಲ ವೈದ್ಯರು ಇಲ್ಲವೇ ತರಬೇತಾದ ದುಭಾಷಿ ಇರುವ ಮರೆವಿನ ಕ್ಲಿನಿಕ್ ಎರಡೂ ತಾಲೂಕುಗಳಲ್ಲಿ ನಡೆಯಲಿ. ಮನೆಯವರನ್ನೇ ದುಭಾಷಿಯಾಗಿಸುವುದು ನಿಲ್ಲಲಿ. ಬಿ12 ಮತ್ತು ಥೈರಾಯ್ಡ್ ತಪಾಸಣೆ ಉಚಿತವಾಗಿ ಆಗಲಿ. ನಡೆದಾಡುವ ಡಿಮೆನ್ಶಿಯಾ ರೋಗಿಗಳ ಆರೈಕೆದಾರರಿಗೂ ನೆರವು ಸಿಗಲಿ, ಆ ಸೊಸೆಯಂಥವರು ಹಗಲು ನಾಲ್ಕು ಗಂಟೆ ದುಡಿಯಲು ಸಾಧ್ಯವಾಗುವಂತೆ ಹಗಲು ಆಶ್ರಯವೊಂದು ತೆರೆಯಲಿ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಹಕ್ಕು ಕೊಟ್ಟಿದೆ. ಅರ್ಜಿಗೆ ಇರುವ ಹಕ್ಕು ರೋಗಿಯ ಬಾಯಿಮಾತಿಗೂ ಸಲ್ಲಬೇಕಲ್ಲವೇ? ಈ ಪತ್ರಕ್ಕೆ ಕನ್ನಡದಲ್ಲಿ ಉತ್ತರವನ್ನು ನಿರೀಕ್ಷಿಸುತ್ತೇನೆ. ಗಣತಿಯನ್ನು ಯಾರಿಗೆ ವಹಿಸುತ್ತೀರಿ, ಯಾವ ತಿಂಗಳು ಆರಂಭ ಎಂಬ ಎರಡು ವಿವರಗಳು ಅದರಲ್ಲಿರಲಿ. ಮೊದಲ ಪಂಚಾಯತಾಗಿ ನಮ್ಮದನ್ನೇ ಆರಿಸಿಕೊಂಡರೆ, ಸಮೀಕ್ಷೆಗೆ ಬಂದವರಿಗೆ ತೋಟದ ನಡುವಿನ ಮನೆಗಳ ದಾರಿ ತೋರಿಸಲು, ಹಿರಿಯರನ್ನು ಒಪ್ಪಿಸಿ ಕೂರಿಸಲು ನಮ್ಮ ಶಾಲೆಯ ನಿವೃತ್ತ ಅಧ್ಯಾಪಕರು ಸಿದ್ಧರಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಾಲಾ ಅಧ್ಯಾಪಿಕೆ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ